ಡಿಎಲ್‌ಎಲ್ ಪಕ್ಕದಲ್ಲೇ ಇದೆ, ಆದರೂ ಟೈಪ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಸಿ ಶಾರ್ಪ್‌ನಲ್ಲಿ, ಡಾಟ್‌ನೆಟ್ 8ರ ಮೇಲೆ, ವರದಿ ತಯಾರಿಸುವ ಒಂದು ಪ್ರೋಗ್ರಾಂ ಬರೆದಿದ್ದೇನೆ. ವರದಿಯನ್ನು ಬೇರೆ ಬೇರೆ ರೂಪಗಳಿಗೆ ರಫ್ತು ಮಾಡುವ ಕೋಡ್ ಪ್ರತ್ಯೇಕ ಲೈಬ್ರರಿಗಳಲ್ಲಿದೆ, ಅವೆಲ್ಲವೂ 'ವರದಿ.ಒಪ್ಪಂದ' ಎಂಬ ಇನ್ನೊಂದು ಲೈಬ್ರರಿಯಲ್ಲಿರುವ 'ಐರಫ್ತು' ಇಂಟರ್‌ಫೇಸನ್ನು (ಯಾವ ಮೆಥಡುಗಳಿರಬೇಕೆಂದು ಹೇಳುವ ಒಪ್ಪಂದವನ್ನು) ಅಳವಡಿಸಿಕೊಂಡಿವೆ. ಬೇಕಾದ ಕ್ಲಾಸಿನ ಹೆಸರನ್ನು ಸೆಟ್ಟಿಂಗ್ಸ್ ಕಡತದಿಂದ ಓದಿ ಹೆಸರಿನಿಂದ ಟೈಪನ್ನು ಹುಡುಕಿಕೊಡುವ ಟೈಪ್.ಗೆಟ್‌ಟೈಪ್‌ಗೆ ಕೊಟ್ಟರೆ ನಲ್, ಅಂದರೆ 'ಏನೂ ಇಲ್ಲ', ಬರುತ್ತದೆ. ಡಿಎಲ್‌ಎಲ್ (ಲೈಬ್ರರಿಯ ಕಂಪೈಲ್ ಆದ ಕಡತ) ಅದೇ ಫೋಲ್ಡರಿನಲ್ಲಿದೆ. ಬೇಸತ್ತು, ಡಿಎಲ್‌ಎಲ್‌ಗಳನ್ನು ಮೆಮೊರಿಗೆ ತರುವ ಸ್ವಂತ ಅಸೆಂಬ್ಲಿಲೋಡ್‌ಕಾಂಟೆಕ್ಸ್ಟ್ ಬರೆದೆ. ಈಗ ಟೈಪ್ ಸಿಗುತ್ತದೆ, ಆಬ್ಜೆಕ್ಟ್ ಕೂಡ ಹುಟ್ಟುತ್ತದೆ. ಆದರೆ ಅದನ್ನು ಐರಫ್ತುಗೆ ಕಾಸ್ಟ್ ಮಾಡಿದ (ಆ ಟೈಪಿನದೆಂದು ಪರಿಗಣಿಸಲು ಕೇಳಿದ) ಕೂಡಲೇ ಇನ್‌ವ್ಯಾಲಿಡ್‌ಕಾಸ್ಟ್‌ಎಕ್ಸೆಪ್ಶನ್ ಎಂಬ ದೋಷ. ಆ ಕ್ಲಾಸ್ ಇಂಟರ್‌ಫೇಸನ್ನು ಅಳವಡಿಸಿರುವುದು ಸೋರ್ಸ್ ಕೋಡಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಮುಂದಿರುವುದು ಎರಡು ತೊಂದರೆಗಳು, ಮೂಲ ಮಾತ್ರ ಒಂದೇ. ಹೆಸರು ಗೊತ್ತಿದ್ದರೆ ಟೈಪ್ ಗೊತ್ತಾದಂತೆ ಎಂದು ನಾವೆಲ್ಲ ಎಣಿಸುತ್ತೇವೆ. ಪ್ರೋಗ್ರಾಮನ್ನು ಓಡಿಸುವ ರನ್‌ಟೈಮ್ ಹಾಗೆ ಎಣಿಸುವುದಿಲ್ಲ. ಅದರ ಲೆಕ್ಕದಲ್ಲಿ ಒಂದು ಟೈಪ್ ಎಂದರೆ ಮೂರು ಸಂಗತಿಗಳ ಕೂಟ: ನೇಮ್‌ಸ್ಪೇಸ್ ಸಮೇತವಾದ ಹೆಸರು, ಅದು ಬಂದ ಅಸೆಂಬ್ಲಿ (ಡಿಎಲ್‌ಎಲ್‌ನಂಥ ಕಂಪೈಲ್ ಆದ ಕಡತ), ಮತ್ತು ಆ ಅಸೆಂಬ್ಲಿಯನ್ನು ಹೊತ್ತಿರುವ ಲೋಡ್ ಕಾಂಟೆಕ್ಸ್ಟ್ (ಅಸೆಂಬ್ಲಿಗಳನ್ನು ಲೋಡ್ ಮಾಡಿ ಇಟ್ಟುಕೊಳ್ಳುವ ಪ್ರತ್ಯೇಕ ವಲಯ). ನಿಮ್ಮ ಮೊದಲ ಪ್ರಯತ್ನದಲ್ಲಿ ಎರಡನೆಯದನ್ನು ಹೇಳಿರಲಿಲ್ಲ, ಹಾಗಾಗಿ ನಲ್ ಬಂತು. ಎರಡನೆಯ ಪ್ರಯತ್ನದಲ್ಲಿ ಮೂರನೆಯದು ಎರಡಾಗಿ ಒಡೆಯಿತು, ಹಾಗಾಗಿ ಕಾಸ್ಟ್ ಬಿದ್ದುಹೋಯಿತು. ಮೊದಲನೆಯದು ಬೇಗ ಮುಗಿಯುವ ಮಾತು. ಎರಡನೆಯದಕ್ಕೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಪ್ಲಗಿನ್ (ನಿಮ್ಮ ರಫ್ತು ಲೈಬ್ರರಿಗಳಂತೆ ಓಡುವಾಗ ಜೋಡಿಸಿಕೊಳ್ಳುವ ಲೈಬ್ರರಿ) ಬರೆಯುವವರು ನಿಜವಾಗಿ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು ಅಲ್ಲಿಯೇ.

ಟೈಪ್.ಗೆಟ್‌ಟೈಪ್‌ಗೆ ಬರೀ 'ವರದಿ.ಪಿಡಿಎಫ್.ರಫ್ತುದಾರ' ಎಂದು ಕೊಟ್ಟರೆ ಅದು ಎರಡೇ ಕಡೆ ಹುಡುಕುತ್ತದೆ: ಆ ಮೆಥಡನ್ನು ಕರೆದ ಕೋಡ್ ಯಾವ ಅಸೆಂಬ್ಲಿಯಲ್ಲಿದೆಯೋ ಅಲ್ಲಿ, ಮತ್ತು ರನ್‌ಟೈಮಿನ ಮೂಲ ಲೈಬ್ರರಿಯಲ್ಲಿ. ಅಷ್ಟೇ. ಫೋಲ್ಡರಿನಲ್ಲಿರುವ ಉಳಿದ ಡಿಎಲ್‌ಎಲ್‌ಗಳನ್ನು ಅದು ತೆರೆದು ನೋಡುವುದಿಲ್ಲ. ಈಗಾಗಲೇ ಮೆಮೊರಿಗೆ ಬಂದು ಕುಳಿತಿರುವ ಅಸೆಂಬ್ಲಿಗಳನ್ನೂ ತಡಕುವುದಿಲ್ಲ. ನೇಮ್‌ಸ್ಪೇಸಿನ ಹೆಸರು ಮತ್ತು ಡಿಎಲ್‌ಎಲ್‌ನ ಹೆಸರು ಒಂದೇ ಆಗಿರುವುದು ನಮ್ಮ ರೂಢಿ ಮಾತ್ರ, ರನ್‌ಟೈಮಿಗೆ ಅವೆರಡರ ನಡುವೆ ಯಾವ ಸಂಬಂಧವೂ ಇಲ್ಲ. ಆದ್ದರಿಂದ ನೇಮ್‌ಸ್ಪೇಸ್ ನೋಡಿ ಅದು ಡಿಎಲ್‌ಎಲ್ಲನ್ನು ಊಹಿಸಲಾರದು.

'ಕರೆದ ಕೋಡ್ ಇರುವ ಅಸೆಂಬ್ಲಿ' ಎಂಬ ನಿಯಮವನ್ನು ಚೆನ್ನಾಗಿ ಗಮನಿಸಿ. ವರ್ಷಗಟ್ಟಲೆ ಸರಿಯಾಗಿ ಓಡುತ್ತಿದ್ದ ಕೋಡನ್ನು ಯಾರೋ ಅಚ್ಚುಕಟ್ಟು ಮಾಡಲು ಹೊರಟು, ಗೆಟ್‌ಟೈಪ್ ಕರೆಯುವ ನಾಲ್ಕು ಸಾಲನ್ನು ಸಾಮಾನ್ಯ ಉಪಯೋಗದ ಲೈಬ್ರರಿಯೊಂದಕ್ಕೆ ಸಾಗಿಸುತ್ತಾರೆ. ಆ ನಾಲ್ಕು ಸಾಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆದರೂ ನಲ್ ಬರಲು ಶುರುವಾಗುತ್ತದೆ. ಕರೆಯುವ ಅಸೆಂಬ್ಲಿ ಬದಲಾಯಿತು, ಆದ್ದರಿಂದ ಹುಡುಕುವ ಜಾಗವೂ ಬದಲಾಯಿತು. ರಿಫ್ಲೆಕ್ಷನ್ (ಓಡುವಾಗ ಹೆಸರಿನಿಂದ ಟೈಪ್ ಹುಡುಕುವಂಥ ವಿಧಾನ) ಬಳಸುವ ಕೋಡನ್ನು ಒಂದು ಲೈಬ್ರರಿಯಿಂದ ಇನ್ನೊಂದಕ್ಕೆ ಸರಿಸುವುದು ಎಂದೂ ನಿರಪಾಯದ ಕೆಲಸವಲ್ಲ.

ಅಸೆಂಬ್ಲಿಯ ಹೆಸರನ್ನೂ ಸೇರಿಸಿ 'ವರದಿ.ಪಿಡಿಎಫ್.ರಫ್ತುದಾರ, ವರದಿ.ಪಿಡಿಎಫ್' ಎಂದು ಅಲ್ಪವಿರಾಮ ಹಾಕಿ ಕೊಟ್ಟರೆ ರನ್‌ಟೈಮ್ ಆ ಅಸೆಂಬ್ಲಿಯನ್ನು ಹುಡುಕಿ ತರಲು ಪ್ರಯತ್ನಿಸುತ್ತದೆ. ಇದರ ಮುಂದೆ ಆವೃತ್ತಿ, ಕಲ್ಚರ್, ಪಬ್ಲಿಕ್ ಕೀ ಟೋಕನ್‌ಗಳನ್ನು ಕೂಡ ಸೇರಿಸಬಹುದು. ಸೆಟ್ಟಿಂಗ್ಸ್ ಕಡತದಲ್ಲಿ ಆವೃತ್ತಿಯನ್ನು ಬರೆಯದಿರುವುದೇ ಒಳಿತು ಎಂಬುದು ನನ್ನ ಅಭಿಪ್ರಾಯ. ಇಂದಿನ ಡಾಟ್‌ನೆಟ್ ಕೇಳಿದ್ದಕ್ಕಿಂತ ಹೊಸ ಆವೃತ್ತಿಯನ್ನು ಒಪ್ಪುತ್ತದೆ, ಹಳೆಯದನ್ನು ಒಪ್ಪುವುದಿಲ್ಲ; ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನಲ್ಲಿ ಸ್ಟ್ರಾಂಗ್ ನೇಮ್ (ಕೀಲಿಯಿಂದ ಸಹಿ ಮಾಡಿದ ಗುರುತು) ಇರುವ ಅಸೆಂಬ್ಲಿಗೆ ಆವೃತ್ತಿ ನಿಖರವಾಗಿ ಹೊಂದಲೇಬೇಕಿತ್ತು, ಇಲ್ಲವೇ ಒಂದು ಆವೃತ್ತಿಯ ಬದಲು ಇನ್ನೊಂದನ್ನು ಬಳಸಲು ಹೇಳುವ ಬೈಂಡಿಂಗ್ ರಿಡೈರೆಕ್ಟ್ ಬರೆಯಬೇಕಿತ್ತು. ಎರಡರಲ್ಲೂ ಆ ಸಂಖ್ಯೆ ಕಡತದಲ್ಲಿ ಕುಳಿತು ಮುಂದೊಂದು ದಿನ ಕೈಕೊಡುತ್ತದೆ. ಇನ್ನೊಂದು ಸಣ್ಣ ವಿಷಯ: ಕ್ಲಾಸಿನೊಳಗಿನ ಕ್ಲಾಸನ್ನು ಹೆಸರಿಸುವಾಗ ನಡುವೆ ಚುಕ್ಕಿಯಲ್ಲ, ಪ್ಲಸ್ ಚಿಹ್ನೆ ಬರಬೇಕು, ಜೆನೆರಿಕ್ ಟೈಪ್ ಆದರೆ ಹೆಸರಿನ ಕೊನೆಗೆ ಬ್ಯಾಕ್‌ಟಿಕ್ ಮತ್ತು ಪ್ಯಾರಾಮೀಟರುಗಳ ಸಂಖ್ಯೆ. ಸಂಶಯ ಬಂದರೆ ಕೈಯಿಂದ ಬರೆಯಬೇಡಿ, ಆ ಟೈಪಿನ ಅಸೆಂಬ್ಲಿಕ್ವಾಲಿಫೈಡ್‌ನೇಮ್ ಪ್ರಾಪರ್ಟಿಯನ್ನು ಒಮ್ಮೆ ಮುದ್ರಿಸಿ ನೋಡಿ.

ಇಷ್ಟು ಮಾಡಿದ ಮೇಲೂ ನಿಮಗೆ ನಲ್ ಬರುವ ಸಾಧ್ಯತೆ ಇದೆ, ಮತ್ತು ಅದಕ್ಕೆ ಕಾರಣ 'ಅದೇ ಫೋಲ್ಡರಿನಲ್ಲಿದೆ' ಎಂಬ ನಿಮ್ಮ ಮಾತಿನಲ್ಲೇ ಅಡಗಿದೆ. ಹಳೆಯ ಫ್ರೇಮ್‌ವರ್ಕಿನಲ್ಲಿ ಪ್ರೋಗ್ರಾಮಿನ ಮೂಲ ಫೋಲ್ಡರಿನಲ್ಲಿ ಡಿಎಲ್‌ಎಲ್ ಇಟ್ಟರೆ ಸಾಕಾಗಿತ್ತು. 2016ರಲ್ಲಿ ಬಂದ ಡಾಟ್‌ನೆಟ್ ಕೋರ್‌ನಿಂದ ಈಚೆಗೆ ನಿಯಮ ಬೇರೆ. ಬಿಲ್ಡ್ ಮಾಡಿದಾಗ ನಿಮ್ಮ ಪ್ರೋಗ್ರಾಮಿನ ಹೆಸರಿನ ಜೊತೆ ಡೆಪ್ಸ್ ಡಾಟ್ ಜೇಸನ್ ಎಂದು ಕೊನೆಯಾಗುವ ಒಂದು ಕಡತ ಹುಟ್ಟುತ್ತದೆ. ಆ ಕಡತ ಇದ್ದರೆ, ಅದರಲ್ಲಿ ಪಟ್ಟಿಯಾದ ಅಸೆಂಬ್ಲಿಗಳು ಮಾತ್ರ ಡೀಫಾಲ್ಟ್ ಕಾಂಟೆಕ್ಸ್ಟಿನ (ಪ್ರೋಗ್ರಾಂ ತಾನಾಗಿ ಬಳಸುವ ಲೋಡ್ ಕಾಂಟೆಕ್ಸ್ಟಿನ) ಕಣ್ಣಿಗೆ ಬೀಳುತ್ತವೆ. ಆಮೇಲೆ ನೀವು ಕೈಯಿಂದ ತಂದು ಫೋಲ್ಡರಿಗೆ ಹಾಕಿದ ಡಿಎಲ್‌ಎಲ್ ಅಲ್ಲಿದ್ದರೂ ಇಲ್ಲದಂತೆಯೇ. ರನ್‌ಟೈಮ್ ಯಾವುದನ್ನೆಲ್ಲ ಬಲ್ಲದು ಎಂದು ತಿಳಿಯಬೇಕಾದರೆ ಆಪ್‌ಕಾಂಟೆಕ್ಸ್ಟ್.ಗೆಟ್‌ಡೇಟಾ ಮೆಥಡಿಗೆ 'ಟ್ರಸ್ಟೆಡ್_ಪ್ಲಾಟ್‌ಫಾರ್ಮ್_ಅಸೆಂಬ್ಲೀಸ್' ಎಂಬ ಕೀಲಿಯನ್ನು, ಪೂರ್ತಿ ದೊಡ್ಡಕ್ಷರಗಳಲ್ಲಿ, ಕೊಟ್ಟು ಬಂದದ್ದನ್ನು ಮುದ್ರಿಸಿ. ಪೂರ್ಣ ಹಾದಿಗಳ ಉದ್ದನೆಯ ಪಟ್ಟಿ ಬರುತ್ತದೆ. ನಿಮ್ಮ ಪಿಡಿಎಫ್ ಲೈಬ್ರರಿ ಅದರಲ್ಲಿ ಇಲ್ಲವೆಂದರೆ ಹೆಸರು ಹೇಳಿ ಕರೆದರೆ ಅದು ಬರುವುದಿಲ್ಲ, ಹಾದಿ ತೋರಿಸಿಯೇ ಕರೆಯಬೇಕು.

ಒಂದು ವಿನಂತಿ: ಗೆಟ್‌ಟೈಪ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಟ್ರೂ ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಆಗ ಅದು ಮೌನವಾಗಿ ನಲ್ ಕೊಡುವ ಬದಲು ಎಕ್ಸೆಪ್ಶನ್ ಎಸೆಯುತ್ತದೆ. ಟೈಪ್‌ಲೋಡ್‌ಎಕ್ಸೆಪ್ಶನ್ ಬಂದರೆ ಅಸೆಂಬ್ಲಿ ಸಿಕ್ಕಿದೆ, ಅದರೊಳಗೆ ಆ ಹೆಸರಿನ ಟೈಪ್ ಇಲ್ಲ. ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಬಂದರೆ ಅಸೆಂಬ್ಲಿಯೇ ಸಿಕ್ಕಿಲ್ಲ. ಈ ಎರಡರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಲ್ ಮಾತ್ರ ಕೈಯಲ್ಲಿ ಹಿಡಿದುಕೊಂಡು ಕಾರಣ ಹುಡುಕಲು ಹೊರಡುವುದು ಸುಮ್ಮನೆ ದಣಿವು.

'ಲೋಡ್ ಆಗಿರುವ ಎಲ್ಲ ಅಸೆಂಬ್ಲಿಗಳಲ್ಲೂ ನಾನೇ ಹುಡುಕುತ್ತೇನೆ' ಎಂದು ಆಪ್‌ಡೊಮೇನ್‌ನ ಗೆಟ್‌ಅಸೆಂಬ್ಲೀಸ್ ಮೇಲೆ ಲೂಪ್ ಓಡಿಸುವವರೂ ಇದ್ದಾರೆ. ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಮಾಡುವುದಿಲ್ಲ, ಮತ್ತು ಅದಕ್ಕಾಗಿಯೇ ಅಪಾಯಕಾರಿ. ರನ್‌ಟೈಮ್ ಅಸೆಂಬ್ಲಿಗಳನ್ನು ಮುಂಚಿತವಾಗಿ ತರುವುದಿಲ್ಲ. ಅದರ ಟೈಪನ್ನು ಬಳಸುವ ಮೆಥಡ್ ಮೊದಲ ಬಾರಿ ಕಂಪೈಲ್ ಆಗುವ ಹೊತ್ತಿಗೆ ತರುತ್ತದೆ. ಹಾಗಾಗಿ ಪ್ರೋಗ್ರಾಂ ಆರಂಭವಾದ ಕೂಡಲೇ ಪಟ್ಟಿ ಕೇಳಿದರೆ ಒಂದು ಉತ್ತರ, ಬಳಕೆದಾರ ಯಾವುದೋ ಪರದೆಯನ್ನು ತೆರೆದ ಮೇಲೆ ಕೇಳಿದರೆ ಇನ್ನೊಂದು ಉತ್ತರ. ಇನ್ನೂ ಮುಂದಕ್ಕೆ ಹೋದರೆ, ಪ್ರಾಜೆಕ್ಟಿನಲ್ಲಿ ರೆಫರೆನ್ಸ್ ಸೇರಿಸಿದ್ದರೂ ಕೋಡಿನಲ್ಲಿ ಆ ಲೈಬ್ರರಿಯ ಒಂದು ಟೈಪನ್ನೂ ಬಳಸದಿದ್ದರೆ ಸಿ ಶಾರ್ಪ್ ಕಂಪೈಲರ್ ಆ ರೆಫರೆನ್ಸನ್ನು ಅಸೆಂಬ್ಲಿಯಲ್ಲಿ ದಾಖಲಿಸುವುದೇ ಇಲ್ಲ. 'ನಾನು ರೆಫರೆನ್ಸ್ ಕೊಟ್ಟಿದ್ದೇನಲ್ಲ' ಎಂಬ ವಾದ ರನ್‌ಟೈಮಿನ ಮುಂದೆ ನಿಲ್ಲುವುದಿಲ್ಲ.

ಈಗ ಕಾಸ್ಟ್ ಬೀಳುವ ವಿಷಯ.

ನಿಮ್ಮ ಕಾಂಟೆಕ್ಸ್ಟ್ ಕ್ಲಾಸ್ ಬಹುಶಃ ಹೀಗಿರುತ್ತದೆ: ಕನ್‌ಸ್ಟ್ರಕ್ಟರಿನಲ್ಲಿ ಪ್ಲಗಿನ್ ಡಿಎಲ್‌ಎಲ್‌ನ ಹಾದಿಯನ್ನು ಪಡೆದು ಅವಲಂಬನೆಗಳ ಹಾದಿ ಹೇಳುವ ಒಂದು ಅಸೆಂಬ್ಲಿಡಿಪೆಂಡೆನ್ಸಿರಿಸಾಲ್ವರ್ ಸೃಷ್ಟಿಸುತ್ತೀರಿ, ಲೋಡ್ ಎಂಬ ಮೆಥಡನ್ನು ಓವರ್‌ರೈಡ್ ಮಾಡಿ, ರಿಸಾಲ್ವರ್ ಹಾದಿ ಹೇಳಿದರೆ ಆ ಹಾದಿಯಿಂದ ಅಸೆಂಬ್ಲಿಯನ್ನು ತರುತ್ತೀರಿ, ಹೇಳದಿದ್ದರೆ ನಲ್ ಮರಳಿಸುತ್ತೀರಿ. 2019ರ ಡಾಟ್‌ನೆಟ್ ಕೋರ್ 3.0ರಿಂದ ಇದೇ ಸರಿಯಾದ ಮಾದರಿ, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಪ್ಲಗಿನ್ ಫೋಲ್ಡರಿನಲ್ಲಿ ಏನೇನಿದೆ ಎಂಬುದರಲ್ಲಿ. ಅದನ್ನು ತೆರೆದು ನೋಡಿ. 'ವರದಿ.ಪಿಡಿಎಫ್' ಡಿಎಲ್‌ಎಲ್‌ನ ಪಕ್ಕದಲ್ಲಿ 'ವರದಿ.ಒಪ್ಪಂದ' ಡಿಎಲ್‌ಎಲ್‌ನ ಒಂದು ಪ್ರತಿಯೂ ಕುಳಿತಿರುತ್ತದೆ. ಪ್ಲಗಿನ್ ಪ್ರಾಜೆಕ್ಟ್ ಒಪ್ಪಂದದ ಪ್ರಾಜೆಕ್ಟನ್ನು ಅವಲಂಬಿಸಿದ್ದರಿಂದ ಬಿಲ್ಡ್ ವ್ಯವಸ್ಥೆ ಅದನ್ನು ತಾನಾಗಿ ನಕಲು ಮಾಡಿಟ್ಟಿದೆ.

ಏನಾಗುತ್ತದೆ ನೋಡಿ. ಮುಖ್ಯ ಪ್ರೋಗ್ರಾಂ ತನ್ನ ಫೋಲ್ಡರಿನ ಒಪ್ಪಂದವನ್ನು ಡೀಫಾಲ್ಟ್ ಕಾಂಟೆಕ್ಸ್ಟಿಗೆ ಲೋಡ್ ಮಾಡಿಕೊಂಡಿದೆ. ನೀವು ಪಿಡಿಎಫ್ ಲೈಬ್ರರಿಯನ್ನು ನಿಮ್ಮ ಕಾಂಟೆಕ್ಸ್ಟಿಗೆ ತರುತ್ತೀರಿ. ರಫ್ತುದಾರ ಕ್ಲಾಸನ್ನು ಕಟ್ಟಲು ರನ್‌ಟೈಮಿಗೆ ಐರಫ್ತು ಬೇಕು, ಅದಕ್ಕಾಗಿ ವರದಿ.ಒಪ್ಪಂದ ಬೇಕು. ಯಾರನ್ನು ಕೇಳಬೇಕು? ಕೇಳುತ್ತಿರುವ ಅಸೆಂಬ್ಲಿ ಯಾವ ಕಾಂಟೆಕ್ಸ್ಟಿನಲ್ಲಿದೆಯೋ ಅದನ್ನು. ಮೊದಲು ಆ ಕಾಂಟೆಕ್ಸ್ಟಿನಲ್ಲಿ ಈಗಾಗಲೇ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ನಿಮ್ಮ ಲೋಡ್ ಮೆಥಡನ್ನು ಕರೆಯುತ್ತದೆ. ಅದು ನಲ್ ಕೊಟ್ಟರೆ ಮಾತ್ರ ಡೀಫಾಲ್ಟ್ ಕಾಂಟೆಕ್ಸ್ಟಿನತ್ತ ತಿರುಗುತ್ತದೆ. ಅಲ್ಲೂ ಸಿಗದಿದ್ದರೆ ರಿಸಾಲ್ವಿಂಗ್ ಈವೆಂಟ್. ನಿಮ್ಮ ಲೋಡ್ ಮೆಥಡ್ ನಲ್ ಕೊಡಲಿಲ್ಲ. ರಿಸಾಲ್ವರ್ ಪಕ್ಕದಲ್ಲೇ ಇದ್ದ ಪ್ರತಿಯನ್ನು ತೋರಿಸಿತು, ನೀವು ಅದನ್ನು ನಿಷ್ಠೆಯಿಂದ ಲೋಡ್ ಮಾಡಿದಿರಿ. ಈಗ ಪ್ರೋಸೆಸ್ಸಿನಲ್ಲಿ ಎರಡು ಐರಫ್ತುಗಳಿವೆ. ಒಂದೇ ಹೆಸರು, ಒಂದೇ ಆವೃತ್ತಿ, ಬೈಟ್ ಬೈಟಿಗೂ ಒಂದೇ ಕಡತ. ಆದರೂ ರನ್‌ಟೈಮಿಗೆ ಅವು ಪರಸ್ಪರ ಅಪರಿಚಿತ ಟೈಪ್‌ಗಳು. ನಿಮ್ಮ ರಫ್ತುದಾರ ಅಳವಡಿಸಿಕೊಂಡಿರುವುದು ಪ್ಲಗಿನ್ ಕಾಂಟೆಕ್ಸ್ಟಿನ ಐರಫ್ತನ್ನು. ನೀವು ಕಾಸ್ಟ್ ಮಾಡುತ್ತಿರುವುದು ಡೀಫಾಲ್ಟ್ ಕಾಂಟೆಕ್ಸ್ಟಿನ ಐರಫ್ತಿಗೆ. ಎಕ್ಸೆಪ್ಶನ್ ನ್ಯಾಯವಾಗಿಯೇ ಬಂದಿದೆ.

ಇದು ಡಾಟ್‌ನೆಟ್‌ನ ವಿಚಿತ್ರ ಗುಣವೇನೂ ಅಲ್ಲ. ಜಾವಾದಲ್ಲಿಯೂ ಕ್ಲಾಸಿನ ಗುರುತು ಅದರ ಹೆಸರು ಮತ್ತು ಅದನ್ನು ತಂದ ಕ್ಲಾಸ್‌ಲೋಡರ್ ಇವೆರಡೂ ಸೇರಿಯೇ ನಿರ್ಧಾರವಾಗುತ್ತದೆ, ಮತ್ತು ಅಲ್ಲಿನವರೂ ಇದೇ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಾರೆ. ಈ ಕಟ್ಟುನಿಟ್ಟು ಬೇಕೇ ಬೇಕು. ಎರಡು ಪ್ಲಗಿನ್‌ಗಳು ಒಂದೇ ಹೊರಗಿನ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳನ್ನು ಬಳಸುತ್ತಾ ಒಂದೇ ಪ್ರೋಸೆಸ್ಸಿನಲ್ಲಿ ನೆಮ್ಮದಿಯಾಗಿ ಬದುಕಬೇಕಾದರೆ, ಹೆಸರು ಒಂದೇ ಎಂಬ ಕಾರಣಕ್ಕೆ ಅವುಗಳ ಟೈಪ್‌ಗಳನ್ನು ರನ್‌ಟೈಮ್ ಬೆರೆಸಬಾರದು. ಫೀಲ್ಡುಗಳ ಜೋಡಣೆ ಬೇರೆಯಿರುವ ಎರಡು ಕ್ಲಾಸುಗಳನ್ನು ಹೆಸರು ನೋಡಿ ಒಂದೆಂದು ಒಪ್ಪಿದರೆ ಮೆಮೊರಿಯೇ ಕೆಡುತ್ತದೆ. ನಿಮಗೆ ಸಿಕ್ಕ ಎಕ್ಸೆಪ್ಶನ್ ಅದರ ಮುಂದೆ ಬಹಳ ಸಣ್ಣ ಬೆಲೆ.

ಎಕ್ಸೆಪ್ಶನ್ ಬಂದದ್ದು ನಿಮ್ಮ ಅದೃಷ್ಟವೆಂದೇ ಹೇಳಬೇಕು. ಬಹುಪಾಲು ಜನ ಕಾಸ್ಟ್ ಮಾಡುವ ಮೊದಲು ಈಸ್‌ಅಸೈನಬಲ್‌ಫ್ರಮ್ ಬಳಸಿ ಟೈಪ್‌ಗಳನ್ನು ಸೋಸುತ್ತಾರೆ. ಎರಡು ಐರಫ್ತುಗಳಿದ್ದಾಗ ಆ ಮೆಥಡ್ ಫಾಲ್ಸ್ ಕೊಡುತ್ತದೆ, ಪ್ಲಗಿನ್ ಪಟ್ಟಿ ಖಾಲಿಯಾಗಿ ಬರುತ್ತದೆ, ಯಾವ ದೂರೂ ಕೇಳಿಬರುವುದಿಲ್ಲ. 'ಪ್ಲಗಿನ್ ಸಿಗಲಿಲ್ಲ' ಎಂಬ ಸಂದೇಶದ ಹಿಂದೆ ನಿಂತವರು ಫೋಲ್ಡರಿನ ಅನುಮತಿಗಳನ್ನು ಪರೀಕ್ಷಿಸುತ್ತಾ ಕಾಲ ಕಳೆಯುತ್ತಾರೆ. ಹಾಗಾಗಿ ಸೋಸುವ ಕೋಡಿನಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಿ: ಟೈಪ್ ಅಳವಡಿಸಿರುವ ಇಂಟರ್‌ಫೇಸುಗಳಲ್ಲಿ ಯಾವುದಾದರೂ ಒಂದರ ಪೂರ್ಣ ಹೆಸರು ನಿಮ್ಮ ಐರಫ್ತಿನ ಪೂರ್ಣ ಹೆಸರಿಗೆ ಸಮನಾಗಿದ್ದು, ಟೈಪ್ ಮಾತ್ರ ಸಮನಲ್ಲದಿದ್ದರೆ, ಒಪ್ಪಂದದ ಎರಡನೆಯ ಪ್ರತಿ ಲೋಡ್ ಆಗಿದೆ ಎಂದು ಲಾಗ್‌ನಲ್ಲಿ ಜೋರಾಗಿ ಬರೆಯಿರಿ. ನಾಲ್ಕೈದು ಸಾಲಿನ ಕೆಲಸ. ನಿಮ್ಮ ನಂತರ ಈ ಕೋಡನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ, ನೀವೇ ನೋಡಬಹುದು. ಕಾಸ್ಟ್ ಮಾಡುವ ಸಾಲಿನ ಮುಂಚೆ ಎರಡು ಅಸೆಂಬ್ಲಿಗಳನ್ನು ಹಿಡಿಯಿರಿ: ಮುಖ್ಯ ಪ್ರೋಗ್ರಾಮಿನಲ್ಲಿ ಟೈಪ್‌ಆಫ್ ಐರಫ್ತು ಕೊಡುವ ಟೈಪಿನ ಅಸೆಂಬ್ಲಿ ಒಂದು, ಪ್ಲಗಿನ್ ಆಬ್ಜೆಕ್ಟಿನ ಟೈಪನ್ನು ಪಡೆದು ಅದರ ಗೆಟ್‌ಇಂಟರ್‌ಫೇಸಸ್ ಕೊಡುವ ಐರಫ್ತಿನ ಅಸೆಂಬ್ಲಿ ಇನ್ನೊಂದು. ಪ್ರತಿಯೊಂದರ ಲೊಕೇಶನ್ ಪ್ರಾಪರ್ಟಿಯನ್ನೂ, ಅಸೆಂಬ್ಲಿಲೋಡ್‌ಕಾಂಟೆಕ್ಸ್ಟ್.ಗೆಟ್‌ಲೋಡ್‌ಕಾಂಟೆಕ್ಸ್ಟ್ ಕೊಡುವ ಕಾಂಟೆಕ್ಸ್ಟಿನ ಹೆಸರನ್ನೂ ಮುದ್ರಿಸಿ. ಎರಡು ಹಾದಿ, ಎರಡು ಕಾಂಟೆಕ್ಸ್ಟ್ ಕಾಣಿಸುತ್ತವೆ. ಕಾಂಟೆಕ್ಸ್ಟ್ ಸೃಷ್ಟಿಸುವಾಗ ಅದಕ್ಕೊಂದು ಅರ್ಥವುಳ್ಳ ಹೆಸರು ಕೊಟ್ಟಿದ್ದರೆ ಇಲ್ಲಿ ನೆರವಿಗೆ ಬರುತ್ತದೆ.

ಪರಿಹಾರದ ತತ್ತ್ವ ಇಷ್ಟು: ಇಬ್ಬರಿಗೂ ಸೇರಿದ ಅಸೆಂಬ್ಲಿ ಡೀಫಾಲ್ಟ್ ಕಾಂಟೆಕ್ಸ್ಟಿನಲ್ಲಿ ಮಾತ್ರ ಇರಬೇಕು, ಪ್ಲಗಿನ್‌ಗೆ ಮಾತ್ರ ಸೇರಿದ್ದು ಪ್ಲಗಿನ್ ಕಾಂಟೆಕ್ಸ್ಟಿನಲ್ಲಿ. ಇದನ್ನು ಎರಡು ಕಡೆಯಿಂದ ಬಿಗಿ ಮಾಡಿ. ಒಂದು, ಪ್ಲಗಿನ್ ಪ್ರಾಜೆಕ್ಟ್ ಕಡತದಲ್ಲಿ ಒಪ್ಪಂದದ ರೆಫರೆನ್ಸಿಗೆ ಪ್ರೈವೇಟ್ ಎಂಬುದನ್ನು ಫಾಲ್ಸ್ ಮಾಡಿ, ಎಕ್ಸ್‌ಕ್ಲೂಡ್‌ಅಸೆಟ್ಸ್ ಎಂಬುದಕ್ಕೆ ರನ್‌ಟೈಮ್ ಎಂದು ಬರೆಯಿರಿ. ಮೊದಲನೆಯದರಿಂದ ಒಪ್ಪಂದದ ಡಿಎಲ್‌ಎಲ್ ಔಟ್‌ಪುಟ್ ಫೋಲ್ಡರಿಗೆ ನಕಲಾಗುವುದಿಲ್ಲ. ಒಪ್ಪಂದ ನ್ಯುಗೆಟ್ (ಡಾಟ್‌ನೆಟ್‌ನ ಪ್ಯಾಕೇಜ್ ವ್ಯವಸ್ಥೆ) ಪ್ಯಾಕೇಜ್ ಆಗಿ ಬರುತ್ತಿದ್ದರೆ ಎರಡನೆಯದೇ ಮುಖ್ಯ. ಜೊತೆಗೆ ಎನೇಬಲ್‌ಡೈನಮಿಕ್‌ಲೋಡಿಂಗ್ ಎಂಬುದನ್ನು ಟ್ರೂ ಮಾಡಿ. ಆಗ ಪ್ಲಗಿನ್‌ಗೆ ಬೇಕಾದ ಉಳಿದ ಲೈಬ್ರರಿಗಳೆಲ್ಲ ಅದರ ಫೋಲ್ಡರಿಗೆ ಬಂದು ಸೇರುತ್ತವೆ. ಎರಡು, ಪ್ಲಗಿನ್ ಬರೆಯುವವರೆಲ್ಲ ಈ ಸೂಚನೆಯನ್ನು ಪಾಲಿಸುತ್ತಾರೆಂದು ನೆಚ್ಚಿಕೊಳ್ಳಬೇಡಿ. ನಿಮ್ಮ ಲೋಡ್ ಮೆಥಡಿನ ಮೊದಲ ಸಾಲಿನಲ್ಲೇ, ಕೇಳಿದ ಅಸೆಂಬ್ಲಿಯ ಹೆಸರು ಹಂಚಿಕೊಂಡ ಅಸೆಂಬ್ಲಿಗಳ ಪಟ್ಟಿಯಲ್ಲಿದ್ದರೆ ರಿಸಾಲ್ವರನ್ನು ಕೇಳದೆಯೇ ನಲ್ ಮರಳಿಸಿ. ಆಗ ಫೋಲ್ಡರಿನಲ್ಲಿ ಪ್ರತಿ ಇದ್ದರೂ ಅದು ಬಳಕೆಯಾಗುವುದಿಲ್ಲ. ಮೊದಲನೆಯದು ಶಿಸ್ತು, ಎರಡನೆಯದು ಖಾತರಿ. ಒಂದನ್ನೇ ಮಾಡಲು ಸಮಯವಿದ್ದರೆ ಎರಡನೆಯದನ್ನು ಮಾಡಿ.

'ಹಂಚಿಕೊಂಡ ಅಸೆಂಬ್ಲಿಗಳ ಪಟ್ಟಿ' ಎಂದೆನಲ್ಲ, ಅದರಲ್ಲಿ ಏನೇನಿರಬೇಕು ಎಂಬುದನ್ನು ಜನ ಸಾಕಷ್ಟು ಯೋಚಿಸುವುದಿಲ್ಲ. ಒಪ್ಪಂದವೊಂದೇ ಸಾಲದು. ಐರಫ್ತಿನ ಯಾವುದಾದರೂ ಮೆಥಡ್ ಹೊರಗಿನ ಲಾಗಿಂಗ್ ಲೈಬ್ರರಿಯೊಂದರ ಟೈಪನ್ನು ಆರ್ಗ್ಯುಮೆಂಟ್ ಆಗಿ ಪಡೆಯುತ್ತಿದ್ದರೆ ಆ ಲಾಗಿಂಗ್ ಲೈಬ್ರರಿಯೂ ಹಂಚಿಕೊಂಡದ್ದೇ. ಇಲ್ಲದಿದ್ದರೆ ಮುಖ್ಯ ಪ್ರೋಗ್ರಾಮಿನ ಲಾಗರ್ ಬೇರೆ, ಪ್ಲಗಿನ್ ಬಲ್ಲ ಲಾಗರ್ ಬೇರೆ ಎಂದಾಗಿ, ಪ್ಲಗಿನ್‌ನ ಮೆಥಡ್ ಇಂಟರ್‌ಫೇಸಿನ ಮೆಥಡಿಗೆ ಹೊಂದದೆ ಟೈಪ್‌ಲೋಡ್‌ಎಕ್ಸೆಪ್ಶನ್ ಬರುತ್ತದೆ. ಇಂಟರ್‌ಫೇಸಿನ ಸಹಿಯಲ್ಲಿ ಕಾಣಿಸುವ ಪ್ರತಿಯೊಂದು ಟೈಪ್, ಆ ಟೈಪಿನ ಮೂಲ ಕ್ಲಾಸ್, ಅದು ಹೊರಗೆ ತೋರುವ ಪ್ರಾಪರ್ಟಿಗಳ ಟೈಪ್‌ಗಳು, ಹೀಗೆ ಸರಪಳಿ ಬೆಳೆಯುತ್ತದೆ. ಆದ್ದರಿಂದ ನನ್ನ ಬಲವಾದ ಸಲಹೆ: ಒಪ್ಪಂದದ ಲೈಬ್ರರಿಯನ್ನು ಬಡವಾಗಿಡಿ. ಸ್ಟ್ರಿಂಗ್, ಸ್ಟ್ರೀಮ್, ಸಂಖ್ಯೆಗಳು, ದಿನಾಂಕ, ಮತ್ತು ಅದೇ ಲೈಬ್ರರಿಯಲ್ಲಿ ಬರೆದ ಸರಳ ಡೇಟಾ ಕ್ಲಾಸುಗಳು ಸಾಕು. ಒಪ್ಪಂದದಿಂದ ಹೊರಗಿನ ಒಂದು ಪ್ಯಾಕೇಜಿಗೂ ರೆಫರೆನ್ಸ್ ಇಲ್ಲದಿದ್ದರೆ ಈ ಸರಪಳಿ ಹುಟ್ಟುವುದೇ ಇಲ್ಲ. ಅನುಕೂಲಕ್ಕೆಂದು ಒಪ್ಪಂದದೊಳಗೆ ಒಂದು ಪ್ಯಾಕೇಜನ್ನು ಸೇರಿಸಿದ ದಿನ, ಆ ಪ್ಯಾಕೇಜಿನ ಆವೃತ್ತಿಯನ್ನು ನೀವು ಎಲ್ಲ ಪ್ಲಗಿನ್‌ಗಳ ಮೇಲೂ ಹೇರಿದಂತೆ.

ಒಪ್ಪಂದ ಬದಲಾಗುವ ಬಗೆಗೂ ಇಲ್ಲೇ ಯೋಚಿಸಿಬಿಡಿ. ಇಂಟರ್‌ಫೇಸಿಗೆ ಹೊಸ ಮೆಥಡ್ ಸೇರಿಸಿದರೆ, ಹಳೆಯ ಒಪ್ಪಂದಕ್ಕೆ ಕಂಪೈಲ್ ಆದ ಪ್ಲಗಿನ್‌ನಲ್ಲಿ ಅದರ ಅನುಷ್ಠಾನ ಇರುವುದಿಲ್ಲ. ಟೈಪ್ ಲೋಡ್ ಆಗುವಾಗಲೇ ಬೀಳುತ್ತದೆ. ಸಿ ಶಾರ್ಪ್ 8ರಿಂದ ಇಂಟರ್‌ಫೇಸಿನಲ್ಲಿಯೇ ಡೀಫಾಲ್ಟ್ ಅನುಷ್ಠಾನ ಬರೆಯಬಹುದು, ಅಥವಾ ಹೊಸ ಮೆಥಡುಗಳಿಗಾಗಿ ಎರಡನೆಯ ಇಂಟರ್‌ಫೇಸನ್ನೇ ಮಾಡಬಹುದು. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಯಾವ ಪ್ಲಗಿನ್ ಏನನ್ನು ಬಲ್ಲದು ಎಂಬುದು ಅದರಲ್ಲಿ ಬಯಲಾಗಿರುತ್ತದೆ. ಒಂದು ಟೈಪನ್ನು ಒಪ್ಪಂದದಿಂದ ಬೇರೆ ಅಸೆಂಬ್ಲಿಗೆ ಸಾಗಿಸಲೇಬೇಕಾದರೆ ಹಳೆಯ ಅಸೆಂಬ್ಲಿಯಲ್ಲಿ ಟೈಪ್‌ಫಾರ್ವರ್ಡೆಡ್‌ಟು ಎಂಬ ಅಟ್ರಿಬ್ಯೂಟ್ ಬಿಟ್ಟುಬನ್ನಿ. ಹಳೆಯ ವಿಳಾಸಕ್ಕೆ ಬಂದವರನ್ನು ರನ್‌ಟೈಮ್ ಹೊಸ ಜಾಗಕ್ಕೆ ಕಳುಹಿಸುತ್ತದೆ.

ಸ್ವಂತ ಕಾಂಟೆಕ್ಸ್ಟ್ ಮಾಡಿಕೊಂಡ ಮೇಲೆ ಟೈಪ್.ಗೆಟ್‌ಟೈಪ್ ಸಹವಾಸವನ್ನು ಬಿಡಿ. ಮುಖ್ಯ ಪ್ರೋಗ್ರಾಮಿನಿಂದ ಕರೆದಾಗ ಅದು ಮುಖ್ಯ ಪ್ರೋಗ್ರಾಮಿನ ಕಾಂಟೆಕ್ಸ್ಟಿನಲ್ಲೇ ಹುಡುಕುತ್ತದೆ, ಪ್ಲಗಿನ್ ಕಾಂಟೆಕ್ಸ್ಟಿನ ಪರಿವೆ ಅದಕ್ಕಿಲ್ಲ. ಲೋಡ್‌ಫ್ರಮ್‌ಅಸೆಂಬ್ಲಿಪಾತ್ ನಿಮಗೆ ಒಂದು ಅಸೆಂಬ್ಲಿ ಆಬ್ಜೆಕ್ಟನ್ನು ಕೊಟ್ಟಿತಲ್ಲ, ಅದರ ಮೇಲೆಯೇ ಗೆಟ್‌ಟೈಪ್ ಕರೆಯಿರಿ. ಆಗ ಹೆಸರಿನಲ್ಲಿ ಅಸೆಂಬ್ಲಿಯನ್ನು ಹೇಳುವ ಅಗತ್ಯವೇ ಇಲ್ಲ, ಯಾವ ಕಾಂಟೆಕ್ಸ್ಟ್ ಎಂಬ ಗೊಂದಲವೂ ಇಲ್ಲ. ಅಸೆಂಬ್ಲಿ.ಲೋಡ್‌ಫೈಲ್ ಬಗ್ಗೆಯೂ ಒಂದು ಮಾತು: ಅದು ಪ್ರತಿ ಹಾದಿಗೂ ತನ್ನದೇ ಒಂದು ಹೊಸ ಕಾಂಟೆಕ್ಸ್ಟ್ ಮಾಡುತ್ತದೆ ಮತ್ತು ಪ್ಲಗಿನ್‌ನ ಅವಲಂಬನೆಗಳನ್ನು ಅದರ ಫೋಲ್ಡರಿನಿಂದ ಹುಡುಕಿ ತರುವುದಿಲ್ಲ. ಅಸೆಂಬ್ಲಿ.ಲೋಡ್‌ಫ್ರಮ್ ಡೀಫಾಲ್ಟ್ ಕಾಂಟೆಕ್ಸ್ಟಿಗೇ ತುಂಬುತ್ತದೆ, ಆದ್ದರಿಂದ ಪ್ಲಗಿನ್‌ಗಳ ನಡುವೆ ಗೋಡೆ ಇರುವುದಿಲ್ಲ. ಒಂದೆರಡು ಸಣ್ಣ ಪ್ಲಗಿನ್‌ಗಳಿದ್ದು ಅವನ್ನೂ ನೀವೇ ಬರೆಯುತ್ತೀರಾದರೆ ಲೋಡ್‌ಫ್ರಮ್ ಸಾಕು. ಬೇರೆಯವರು ಬರೆಯುವುದಾದರೆ ಸಾಲದು.

ಅಸೆಂಬ್ಲಿಯೊಳಗಿನ ಟೈಪ್‌ಗಳನ್ನೆಲ್ಲ ಜಾಲಾಡಲು ಗೆಟ್‌ಟೈಪ್ಸ್ ಕರೆಯುವಾಗ ರಿಫ್ಲೆಕ್ಷನ್‌ಟೈಪ್‌ಲೋಡ್‌ಎಕ್ಸೆಪ್ಶನ್‌ಗೆ ಸಿದ್ಧರಾಗಿರಿ. ನೂರು ಟೈಪ್‌ಗಳಲ್ಲಿ ಒಂದರ ಅವಲಂಬನೆ ಸಿಗದಿದ್ದರೂ ಅದು ಬರುತ್ತದೆ, ಮತ್ತು ಅದರ ಹೊರಗಿನ ಸಂದೇಶವನ್ನು ಮಾತ್ರ ನೋಡಿದರೆ ಸಾಲದು. ನಿಜವಾದ ಕಾರಣ ಲೋಡರ್‌ಎಕ್ಸೆಪ್ಶನ್ಸ್ ಎಂಬ ಪ್ರಾಪರ್ಟಿಯಲ್ಲಿದೆ. ಅದರಲ್ಲಿರುವ ಪ್ರತಿಯೊಂದನ್ನೂ ಲಾಗ್ ಮಾಡಿ. ಲೋಡ್ ಆದ ಟೈಪ್‌ಗಳು ಟೈಪ್ಸ್ ಪ್ರಾಪರ್ಟಿಯಲ್ಲಿ ಸಿಗುತ್ತವೆ, ಆಗದವುಗಳ ಜಾಗದಲ್ಲಿ ನಲ್ ಇರುತ್ತದೆ. ಹಾಗೆಯೇ ಆಕ್ಟಿವೇಟರ್.ಕ್ರಿಯೇಟ್‌ಇನ್‌ಸ್ಟನ್ಸ್ ಕರೆದಾಗ ಪ್ಲಗಿನ್‌ನ ಕನ್‌ಸ್ಟ್ರಕ್ಟರ್ ಎಸೆದ ಎಕ್ಸೆಪ್ಶನ್ ಟಾರ್ಗೆಟ್‌ಇನ್‌ವೊಕೇಶನ್‌ಎಕ್ಸೆಪ್ಶನ್‌ನ ಹೊದಿಕೆಯಲ್ಲಿ ಬರುತ್ತದೆ, ಇನ್ನರ್‌ಎಕ್ಸೆಪ್ಶನ್ ಬಿಚ್ಚಿ ನೋಡಬೇಕು.

ಸೆಟ್ಟಿಂಗ್ಸ್ ಕಡತದಲ್ಲಿ ಕ್ಲಾಸಿನ ಪೂರ್ಣ ಹೆಸರನ್ನು ಬರೆಯುವ ನಿಮ್ಮ ಪದ್ಧತಿಯನ್ನೇ ಬದಲಿಸಬೇಕೆಂದು ನನಗನ್ನಿಸುತ್ತದೆ. ಆ ಹೆಸರು ನಿಮ್ಮ ಕೋಡಿನ ಒಳಗಿನ ಗುಟ್ಟು. ಒಮ್ಮೆ ಅದು ಬಳಕೆದಾರರ ಕಡತಗಳಿಗೆ ಸೇರಿತೆಂದರೆ ಕ್ಲಾಸಿನ ಹೆಸರು ಬದಲಿಸುವ, ನೇಮ್‌ಸ್ಪೇಸ್ ತಿದ್ದುವ, ಲೈಬ್ರರಿಯನ್ನು ಎರಡಾಗಿ ಒಡೆಯುವ ಸ್ವಾತಂತ್ರ್ಯ ನಿಮಗಿರುವುದಿಲ್ಲ. ಒಪ್ಪಂದದಲ್ಲಿ ಒಂದು ಅಟ್ರಿಬ್ಯೂಟ್ ಬರೆದು, ಪ್ರತಿ ರಫ್ತುದಾರನೂ ಅದರ ಮೂಲಕ ತನ್ನನ್ನು 'ಪಿಡಿಎಫ್' ಎಂಬಂಥ ಒಂದು ಸಣ್ಣ ಕೀಲಿಯಿಂದ ಘೋಷಿಸಿಕೊಳ್ಳಲಿ. ಆರಂಭದಲ್ಲಿ ಪ್ಲಗಿನ್ ಫೋಲ್ಡರುಗಳನ್ನು ಒಮ್ಮೆ ಜಾಲಾಡಿ ಕೀಲಿಯಿಂದ ಟೈಪಿಗೆ ಡಿಕ್ಷನರಿ ಕಟ್ಟಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಕೀಲಿ ಮಾತ್ರ. ವೇಗದ ಚಿಂತೆಯೂ ಇದರಿಂದಲೇ ಬಹುಪಾಲು ತೀರುತ್ತದೆ, ಏಕೆಂದರೆ ದುಬಾರಿಯಾದದ್ದು ಹುಡುಕಾಟ. ಆಬ್ಜೆಕ್ಟ್ ಕೈಗೆ ಬಂದ ಮೇಲೆ ಇಂಟರ್‌ಫೇಸಿನ ಮೂಲಕ ಮಾಡುವ ಕರೆ ಮಾಮೂಲಿ ಕರೆಯೇ.

ಭದ್ರತೆಯ ಕಾರಣಕ್ಕೂ ಇದು ಮುಖ್ಯ. ಹೊರಗಿನಿಂದ ಬಂದ ಸ್ಟ್ರಿಂಗನ್ನು ಟೈಪಿನ ಹೆಸರೆಂದು ನಂಬಿ ಆಬ್ಜೆಕ್ಟ್ ಸೃಷ್ಟಿಸುವ ಪ್ರೋಗ್ರಾಂ, ಯಾವ ಕೋಡ್ ಓಡಬೇಕೆಂಬ ಆಯ್ಕೆಯನ್ನು ಹೊರಗಿನವರ ಕೈಗೆ ಒಪ್ಪಿಸಿದಂತೆ. ಆಬ್ಜೆಕ್ಟುಗಳನ್ನು ಬೈಟ್‌ಗಳಾಗಿ ಉಳಿಸಿ ಮತ್ತೆ ಕಟ್ಟುವ ಬೈನರಿಫಾರ್ಮ್ಯಾಟರ್ ಇದೇ ದೋಷದಿಂದ ಕುಖ್ಯಾತವಾಯಿತು, ಡಾಟ್‌ನೆಟ್ 9ರಲ್ಲಿ ಅದರ ಅನುಷ್ಠಾನವನ್ನೇ ತೆಗೆದುಹಾಕಿದರು. ಕೀಲಿಗಳ ಡಿಕ್ಷನರಿ ಇದ್ದರೆ ಪಟ್ಟಿಯಲ್ಲಿಲ್ಲದ್ದು ಹುಟ್ಟಲಾರದು. ಆದರೆ ಲೋಡ್ ಕಾಂಟೆಕ್ಸ್ಟನ್ನು ಭದ್ರತೆಯ ಗೋಡೆ ಎಂದು ಭಾವಿಸಬೇಡಿ. ಅದು ಟೈಪ್‌ಗಳನ್ನು ಬೇರ್ಪಡಿಸುತ್ತದೆ, ಅಧಿಕಾರವನ್ನಲ್ಲ. ಪ್ಲಗಿನ್‌ನ ಕೋಡ್ ನಿಮ್ಮ ಪ್ರೋಸೆಸ್ಸಿನ ಎಲ್ಲ ಹಕ್ಕುಗಳೊಂದಿಗೆ ಓಡುತ್ತದೆ. ನಂಬಿಕೆಯಿಲ್ಲದ ಕೋಡಿಗೆ ಬೇರೆ ಪ್ರೋಸೆಸ್ ಬೇಕು. ಓಡಿಸದೆ ಬರೀ ಒಳಗೇನಿದೆಯೆಂದು ನೋಡಬೇಕಾದರೆ ಮೆಟಾಡೇಟಾಲೋಡ್‌ಕಾಂಟೆಕ್ಸ್ಟ್ ಇದೆ. ಅದು ಕೊಡುವ ಟೈಪ್‌ಗಳು ಓದಲು ಮಾತ್ರ, ಅವುಗಳಿಂದ ಆಬ್ಜೆಕ್ಟ್ ಸೃಷ್ಟಿಸಲಾಗದು.

ಪ್ಲಗಿನ್‌ಗಳನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ಕಳಚಿ ಹೊಸದನ್ನು ಜೋಡಿಸುವ ಆಸೆ ನಿಮಗೆ ಮುಂದೆ ಬರಬಹುದು. ಕಾಂಟೆಕ್ಸ್ಟ್ ಸೃಷ್ಟಿಸುವಾಗ ಈಸ್‌ಕಲೆಕ್ಟಿಬಲ್ ಎಂಬುದನ್ನು ಟ್ರೂ ಮಾಡಿದ್ದರೆ ಅನ್‌ಲೋಡ್ ಕರೆಯಬಹುದು. ಆದರೆ ಹಳೆಯ ಫ್ರೇಮ್‌ವರ್ಕಿನ ಆಪ್‌ಡೊಮೇನ್ ಹಾಗೆ ಅದು ಬಲವಂತವಾಗಿ ಕಿತ್ತುಹಾಕುವುದಿಲ್ಲ. ಅನ್‌ಲೋಡ್ ಎಂಬುದು ಬರೀ ಆರಂಭ. ಕಾಂಟೆಕ್ಸ್ಟಿನ ಯಾವುದೇ ಟೈಪ್, ಆಬ್ಜೆಕ್ಟ್, ಥ್ರೆಡ್ಡನ್ನು ಯಾರೂ ಹಿಡಿದುಕೊಂಡಿಲ್ಲವೆಂದು ಬಳಕೆಯಿಲ್ಲದ ಮೆಮೊರಿಯನ್ನು ಬಿಡಿಸುವ ಗಾರ್ಬೇಜ್ ಕಲೆಕ್ಟರಿಗೆ ಖಾತ್ರಿಯಾದಾಗಲೇ ಅದು ಮುಗಿಯುತ್ತದೆ. ಮುಖ್ಯ ಪ್ರೋಗ್ರಾಮಿನ ಈವೆಂಟಿಗೆ ಪ್ಲಗಿನ್ ಸೇರಿಸಿ ತೆಗೆಯದೆ ಬಿಟ್ಟ ಒಂದು ಹ್ಯಾಂಡ್ಲರ್ ಸಾಕು, ಇಡೀ ಕಾಂಟೆಕ್ಸ್ಟ್ ಉಳಿದುಬಿಡುತ್ತದೆ. ನಾನು ಮೇಲೆ ಹೇಳಿದ ಡಿಕ್ಷನರಿ ಕೂಡ ಟೈಪನ್ನು ಹಿಡಿದಿರುತ್ತದೆ, ಕಳಚುವಾಗ ಅದರಿಂದಲೂ ತೆಗೆಯಿರಿ. ಟೈಪ್‌ಗಳನ್ನು ಕೀಲಿಯಾಗಿಟ್ಟುಕೊಂಡು ಕ್ಯಾಶ್ ಮಾಡುವ ಲೈಬ್ರರಿಗಳು ಇನ್ನೊಂದು ಸಾಮಾನ್ಯ ಕಾರಣ. ಕಾಂಟೆಕ್ಸ್ಟಿಗೆ ಒಂದು ವೀಕ್‌ರೆಫರೆನ್ಸ್ (ಹಿಡಿದಿಟ್ಟುಕೊಳ್ಳದ ರೆಫರೆನ್ಸ್) ಇಟ್ಟುಕೊಂಡು, ಕಳಚಿದ ಮೇಲೆ ಅದು ಇನ್ನೂ ಜೀವಂತವಾಗಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬರೆಯದೆ ಈ ದಾರಿಗೆ ಇಳಿಯಬೇಡಿ. ಪ್ರೋಗ್ರಾಮನ್ನು ಮರು ಆರಂಭಿಸುವುದು ನಿಮಗೆ ನಡೆಯುತ್ತದೆಯಾದರೆ ಅದೇ ಲೇಸು.

ಇನ್ನೊಂದು ವಿಷಯವನ್ನು ಬಿಡುಗಡೆಗೆ ಮುಂಚೆ ತಿಳಿದುಕೊಂಡಿರಬೇಕು. ಪ್ರೋಗ್ರಾಮನ್ನು ಟ್ರಿಮ್ ಮಾಡಿ ಪ್ರಕಟಿಸಿದರೆ, ಕೋಡಿನಲ್ಲಿ ನೇರವಾಗಿ ಬಳಕೆಯಾಗದ ಟೈಪ್‌ಗಳನ್ನು ಉಪಕರಣ ಕತ್ತರಿಸಿಹಾಕುತ್ತದೆ. ಕಡತದಿಂದ ಓದಿದ ಹೆಸರಿನಿಂದ ರಿಫ್ಲೆಕ್ಷನ್ ಮೂಲಕ ಕರೆಯುವುದು ಅದಕ್ಕೆ ಬಳಕೆಯಾಗಿ ಕಾಣುವುದಿಲ್ಲ. ನಿಮ್ಮ ಯಂತ್ರದಲ್ಲಿ ಓಡಿದ್ದು ಪ್ರಕಟಿಸಿದ ಮೇಲೆ ನಲ್ ಕೊಡುವುದಕ್ಕೆ ಇದೊಂದು ಕಾರಣ. ಬಿಲ್ಡ್ ಹೊತ್ತಿಗೆ ಬರುವ ಟ್ರಿಮ್ ಎಚ್ಚರಿಕೆಗಳನ್ನು ಅಡಗಿಸದೆ ಓದಿ. ಮುಂಚಿತವಾಗಿಯೇ ಯಂತ್ರಭಾಷೆಗೆ ಕಂಪೈಲ್ ಮಾಡುವ ನೇಟಿವ್ ಎಒಟಿಯಲ್ಲಂತೂ ಓಡುವಾಗ ಹೊಸ ಅಸೆಂಬ್ಲಿ ಲೋಡ್ ಮಾಡುವುದು ಸಾಧ್ಯವೇ ಇಲ್ಲ. ಆ ದಿಕ್ಕಿಗೆ ಹೋಗುವ ಯೋಚನೆಯಿದ್ದರೆ, ಅಥವಾ ನಿಮ್ಮ ರಫ್ತುದಾರರೆಲ್ಲ ಮುಖ್ಯ ಪ್ರೋಗ್ರಾಮಿನ ಜೊತೆಯಲ್ಲೇ ಬಿಲ್ಡ್ ಆಗಿ ಜೊತೆಯಲ್ಲೇ ಹೊರಡುತ್ತಾರಾದರೆ, ರಿಫ್ಲೆಕ್ಷನ್ನನ್ನೇ ಕೈಬಿಟ್ಟು ಕೀಲಿಯಿಂದ ಫ್ಯಾಕ್ಟರಿ ಮೆಥಡಿಗೆ ಒಂದು ಡಿಕ್ಷನರಿಯನ್ನು ಕೈಯಿಂದಲೋ, ಬಿಲ್ಡ್ ಹೊತ್ತಿಗೆ ಕೋಡ್ ಬರೆದುಕೊಡುವ ಸೋರ್ಸ್ ಜನರೇಟರಿನಿಂದಲೋ ಬರೆಯಿರಿ. ಹೆಸರು ತಪ್ಪಾದರೆ ಕಂಪೈಲರೇ ಹೇಳುತ್ತದೆ, ಕಾಂಟೆಕ್ಸ್ಟ್ ಒಂದೇ ಇರುತ್ತದೆ, ಐರಫ್ತೂ ಒಂದೇ ಇರುತ್ತದೆ. ಬೇರೆಯವರು ಬೇರೆ ಕಾಲದಲ್ಲಿ ಬರೆದು ತಂದಿಡುವ ಪ್ಲಗಿನ್‌ಗಳು ನಿಮಗೆ ನಿಜವಾಗಿ ಬೇಕೆಂದಾದರೆ, ಇಂದು ಮೊದಲು ಪ್ಲಗಿನ್ ಫೋಲ್ಡರಿನಿಂದ 'ವರದಿ.ಒಪ್ಪಂದ' ಡಿಎಲ್‌ಎಲ್‌ನ ಪ್ರತಿಯನ್ನು ಅಳಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿ. ಕಾಸ್ಟ್ ಯಶಸ್ವಿಯಾದರೆ ರೋಗ ಇದೇ ಎಂದು ಗೊತ್ತಾಗುತ್ತದೆ. ಆಮೇಲೆ ಲೋಡ್ ಮೆಥಡಿಗೆ, ಹಂಚಿಕೊಂಡ ಅಸೆಂಬ್ಲಿಗೆ ನಲ್ ಮರಳಿಸುವ ಆ ಸಾಲನ್ನು ಸೇರಿಸಿ.